ಸವೆಯುತ್ತಿದ್ದ ವಿಭೂತಿ ಗಟ್ಟಿ

ನಾನು ಅಜ್ಜನಾಗಿದ್ದೇನೆ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ. ಇದನ್ನು ಎಷ್ಟು ಮಂದಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ನಮ್ಮ ನರೋಣಾದಲ್ಲಿ ಬಸ್ಸು ಇಳಿದವರಿಗೆ ಹೇಳಿದೆ, ಹತ್ತಿದವರಿಗೆ ಹೇಳಿದೆ, ಗಿರಣಿಗೆ ಜೋಳ ತಂದವರಿಗೆ ಹೇಳಿದೆ. ಕೊನೆಗೆ ಹೆಂಡತಿ ಬೇಸತ್ತು, ಇನ್ನು ಬಾಯಿಗೆ ಸ್ವಲ್ಪ ಬಿಡುವು ಕೊಟ್ಟು ಕಾಗದದ ಮೇಲೆ ಬರೆದಿಡಿ, ಮೊಮ್ಮಗಳು ದೊಡ್ಡವಳಾದ ಮೇಲೆ ಓದಲಿ ಎಂದಳು. ನಾನು ಕಲಿತದ್ದು ಮೂರನೆಯ ಇಯತ್ತೆ, ಅದೂ ಪೂರ್ತಿಯಲ್ಲ. ಶಾಲೆಯಲ್ಲಿ ನಾನು ಬರೆದ ಬಳಪಕ್ಕಿಂತ ತಿಂದ ಬಳಪವೇ ಹೆಚ್ಚು. ಆದರೆ ಆಮೇಲೆ ಮಠದಲ್ಲಿ ಹಿರಿಯರ ಜೊತೆ ಕೂತು ಓದುವ ರೂಢಿ ಬಿಡಲಿಲ್ಲವಾದ್ದರಿಂದ ಅಕ್ಷರ ನನ್ನನ್ನು ಬಿಟ್ಟು ಹೋಗಿಲ್ಲ. ಬರೆಯುತ್ತೇನೆ.

ನಮಗೆ ಒಬ್ಬಳೇ ಮಗಳು. ಅವಳನ್ನು ಅಫಜಲಪುರದ ಕಡೆ ಕೊಟ್ಟಿದ್ದೇವೆ. ಅಳಿಯನ ಮನೆಯವರು ಕಬ್ಬು ಬೆಳೆಯುವವರು, ಒಳ್ಳೆಯ ಮಂದಿ. ಮದುವೆಯಾದ ಮೇಲೆ ಮೊದಲ ಸಲ ನಿಂತ ಬಸಿರು ಮೂರು ತಿಂಗಳಿಗೇ ಹೋಯಿತು. ಆಗ ಮಗಳು ಫೋನಿನಲ್ಲಿ ಅಳಲೂ ಇಲ್ಲ, ಮಾತಾಡಲೂ ಇಲ್ಲ, ಬರೀ ಉಸಿರಾಡುವುದು ಕೇಳುತ್ತಿತ್ತು. ಎರಡನೆಯ ಸಲ ಸುದ್ದಿ ಬಂದಾಗ ನಾವಿಬ್ಬರೂ ಯಾರಿಗೂ ಹೇಳದೆ ಬಾಯಿ ಬಿಗಿಹಿಡಿದು ಕೂತೆವು. ಏಳನೆಯ ತಿಂಗಳಲ್ಲಿ ಅವರ ಮನೆಯಲ್ಲಿ ಕುಬಸದ ಸೀಮಂತ ಮಾಡಿದರು. ನಾವು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮೊಸರನ್ನದ ಬುತ್ತಿ ಹೊತ್ತುಕೊಂಡು ಹೋಗಿ ಉಡಿ ತುಂಬಿ, ಮಗಳನ್ನು ತವರಿಗೆ ಕರೆತಂದೆವು. ದೀಪಾವಳಿ ಆಗಷ್ಟೇ ಮುಗಿದಿತ್ತು.

ಮಗಳ ಹೊಟ್ಟೆ ಮುಂದೆ ಬಂದಿತ್ತು, ಆದರೆ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅಂಗಳ ದಾಟಿ ಬರುವಷ್ಟರಲ್ಲಿ ಏದುಸಿರು. ಆಳಂದದ ಆಸ್ಪತ್ರೆಗೆ ತೋರಿಸಿದರೆ ಅಲ್ಲಿಯ ಸಿಸ್ಟರ್ ಅವಳ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, ರಕ್ತ ಬಹಳ ಕಡಿಮೆ ಇದೆ ಎಂದರು. ಹೆರಿಗೆಯ ಹೊತ್ತಿಗೆ ಇದು ಏರದಿದ್ದರೆ ತಾಯಿಗೂ ಕಷ್ಟ, ಕೂಸಿಗೂ ಕಷ್ಟ ಎಂದು ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. ಗುಳಿಗೆ ಕೊಟ್ಟರು. ನಾನು ದಿನಾ ನನ್ನ ಕೈಯಿಂದಲೇ ಗುಳಿಗೆ ಬಿಡಿಸಿ, ಮೇಲೆ ಬಿಸಿ ಚಹಾ ಕೊಟ್ಟು, ಅವಳು ನುಂಗುವ ತನಕ ಎದುರಿಗೇ ನಿಂತಿರುತ್ತಿದ್ದೆ.

ಇನ್ನೊಂದು ಸಂಗತಿ ಅದೇ ದಿನಗಳಲ್ಲಿ ಶುರುವಾಯಿತು. ನಮ್ಮದು ಲಿಂಗಪೂಜೆಯ ಮನೆತನ. ಸ್ನಾನವಾದ ಕೂಡಲೇ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಹಣೆಗೆ ಮೂರು ಬೆರಳು ಎಳೆದುಕೊಂಡ ಮೇಲೆಯೇ ನನ್ನ ದಿನ ಆರಂಭ. ಒಂದು ಗಟ್ಟಿ ನನಗೆ ತಿಂಗಳುಗಟ್ಟಲೆ ಬರುತ್ತದೆ. ಆದರೆ ಮಗಳು ಬಂದ ಮೇಲೆ ಅದು ಸಂತೆಯ ಸಾಬೂನಿನಂತೆ ಸವೆಯತೊಡಗಿತು. ನನಗೋ ಹಿಗ್ಗು. ಅತ್ತೆಯ ಮನೆಗೆ ಹೋದ ಹುಡುಗಿಗೆ ಭಕ್ತಿ ಹೆಚ್ಚಿದೆ, ಮೈತುಂಬ ವಿಭೂತಿ ಧರಿಸಿ ಹೊಟ್ಟೆಯಲ್ಲಿನ ಕೂಸಿಗೂ ಸಂಸ್ಕಾರ ಕೊಡುತ್ತಿದ್ದಾಳೆ ಎಂದುಕೊಂಡೆ. ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿ ಬಂದೆ. ತೊಗರಿಯ ದರ ವಿಚಾರಿಸಲು ಆಳಂದಕ್ಕೆ ಹೋದ ದಿನ ಬಜಾರದಿಂದ ದೊಡ್ಡ ದೊಡ್ಡ ಎರಡು ಗಟ್ಟಿ ತಂದು ಜಗಲಿಯ ಮೇಲಿಟ್ಟೆ. ಅವೂ ಸವೆದವು. ಮತ್ತೆ ತಂದೆ.

ಮುಂದಿನ ತಪಾಸಣೆಯಲ್ಲಿ ರಕ್ತ ಏರಿರಲಿಲ್ಲ, ಇನ್ನಷ್ಟು ಇಳಿದಿತ್ತು. ಸಿಸ್ಟರ್ ಹುಬ್ಬು ಗಂಟಿಕ್ಕಿ ಮಗಳನ್ನು ಕೇಳಿದರು.

“ಮಣ್ಣು, ಇದ್ದಲಿ, ಸುಣ್ಣ, ಹಸಿ ಅಕ್ಕಿ ಏನರೆ ತಿಂತಿ ಏನವಾ?”

“ಇಲ್ರಿ,” ಎಂದಳು ಮಗಳು, ನೆಲ ನೋಡುತ್ತ.

ನಾನು ಸುಮ್ಮನಿರಬೇಕಲ್ಲ. “ನಮ್ಮ ಹುಡುಗಿ ಅಂಥಾದ್ದು ಮುಟ್ಟಂಗಿಲ್ರಿ ಸಿಸ್ಟರ್. ದಿನಾ ಜಗಲಿ ಮುಂದ ಕೂಡಾಕಿ,” ಎಂದು ಎದೆಯುಬ್ಬಿಸಿ ಹೇಳಿದೆ.

ಮರಳುವಾಗ ಬಸ್ಸಿನಲ್ಲಿ ಮಗಳು ಕಿಟಕಿಗೆ ತಲೆಯಾನಿಸಿ ಮಲಗಿದ್ದಳು. ಅವಳ ಅಂಗೈ ನನ್ನ ಮೊಣಕಾಲ ಮೇಲೆ ತೆರೆದುಕೊಂಡು ಬಿದ್ದಿತ್ತು. ಆ ಅಂಗೈಯ ಬಿಳುಪು ಕಂಡು ನನಗೆ ಹಳೆಯ ಒಂದು ಅಂಗೈ ನೆನಪಾಯಿತು.

ನನ್ನ ಹೆಂಡತಿಯ ತವರು ಜೇವರ್ಗಿಯ ಕಡೆ, ಭೀಮಾ ಹೊಳೆಯ ದಂಡೆ. ಈ ಮಗಳೇ ಹೊಟ್ಟೆಯಲ್ಲಿದ್ದಾಗಿನ ಮಾತು. ಆಗ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಸಂಜೆ ಅಂಗಳಕ್ಕೆ ನೀರು ಹೊಡೆದರೆ ಸಾಕು, ಹೆಂಡತಿ ಕಸಬರಿಗೆ ಹಿಡಿದು ಅಲ್ಲೇ ನಿಂತುಬಿಡುತ್ತಿದ್ದಳು, ಮೂಗಿನಿಂದ ಊಟ ಮಾಡುವವರಂತೆ. ಬಾಗಿಲ ಚೌಕಟ್ಟಿನ ಪಕ್ಕ ಗೋಡೆಯಲ್ಲಿ ಸಣ್ಣ ಸಣ್ಣ ಕುಳಿ ಬೀಳತೊಡಗಿದವು. ನಾನು ಇಲಿಯ ಕೆಲಸ ಎಂದುಕೊಂಡು ಬೋನು ಇಟ್ಟೆ. ನನ್ನ ಅವ್ವ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, ಆ ಇಲಿ ಸೀರೆ ಉಡುತ್ತದೆ ಎಂದಳು.

ಅವ್ವ ಸೊಸೆಯನ್ನು ಬೈಯಲಿಲ್ಲ. ಬಸುರಿಯ ಬಯಕೆ ಎಂದರೆ ಹೊಟ್ಟೆಯಲ್ಲಿನ ಕೂಸು ಕೇಳುವುದು, ಅದನ್ನು ತೀರಿಸದಿದ್ದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದ ಮಾತು. ಅವ್ವ ಸೊಸೆಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಏನು ಬೇಕೆಂದು ಕೇಳಿದಳು. ನಿಮ್ಮ ಗೋಡೆಯ ಮಣ್ಣು ಸಪ್ಪಗಿದೆ, ನಮ್ಮೂರ ಹೊಳೆಯ ಮಣ್ಣು ಬೇಕು ಎಂದಳು ಇವಳು. ಅವ್ವ ನನ್ನ ಕೈಗೆ ಟವೆಲ್ಲು ಕೊಟ್ಟು ಮರುದಿನ ಮೊದಲ ಬಸ್ಸಿಗೆ ಹತ್ತಿಸಿದಳು. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಗೆ ಹೋಗಿ, ಅಲ್ಲಿಂದ ನಡೆದು, ಹೊಳೆ ಇಳಿದ ಜಾಗದಲ್ಲಿ ಒಣಗಿ ಬಿರುಕುಬಿಟ್ಟ ಮೆತ್ತನೆಯ ಹಾಳೆ ಹಾಳೆ ಮಣ್ಣನ್ನು ಗಂಟು ಕಟ್ಟಿದೆ. ಮಾವನ ಮನೆಗೆ ಹೋದರೆ ನಗುತ್ತಾರೆಂದು ಆ ಕಡೆ ಮುಖ ಹಾಕಲಿಲ್ಲ. ಮರಳುವಾಗ ಕಂಡಕ್ಟರ್ ಗಂಟಿನಲ್ಲೇನಿದೆ ಎಂದು ಕೇಳಿದ. ಬಿತ್ತನೆಯ ಬೀಜ ಎಂದೆ. ಎಂಥ ಬೀಜ ಎಂದು ಗಂಟು ಒತ್ತಿ ನೋಡಿ, ನನ್ನ ಮುಖವನ್ನೂ ನೋಡಿ, ಟಿಕೀಟು ಹರಿದ. ಅವನ ಮನೆಯಲ್ಲೂ ಬಸುರಿ ಇದ್ದಿರಬೇಕು.

ಆ ಗಂಟು ಬಿಚ್ಚಿದಾಗ ಹೆಂಡತಿಯ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಂಗಾರ ತಂದಿದ್ದರೂ ಅಷ್ಟು ಅರಳುತ್ತಿರಲಿಲ್ಲ. ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನಾನು ದೊಡ್ಡ ಗಂಡಸಾದೆ ಎಂದು ಬೀಗಿದೆ. ಆದರೆ ಹೆರಿಗೆಯಾದ ಮೇಲೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಎತ್ತಿದರೆ ಮನೆ ತಿರುಗುತ್ತದೆ ಎನ್ನುತ್ತಿದ್ದಳು. ಕೂಸು ಅಳುತ್ತಿತ್ತು, ಅವಳಿಗೆ ಎತ್ತಿಕೊಳ್ಳುವ ಶಕ್ತಿ ಇರಲಿಲ್ಲ. ಅವ್ವ ಮತ್ತು ಓಣಿಯ ಹೆಂಗಸರು ಸೇರಿ ಉಳಿಸಿಕೊಂಡರು. ಯಾಕೆ ಹಾಗಾಯಿತೆಂದು ನಮಗಾರಿಗೂ ಹೊಳೆಯಲಿಲ್ಲ. ಆ ಹಾಸಿಗೆಯ ಅಂಚಿಗೆ ಜೋತುಬಿದ್ದಿದ್ದ ಅವಳ ಅಂಗೈಯೇ ನನಗೆ ಬಸ್ಸಿನಲ್ಲಿ ನೆನಪಾದದ್ದು.

ತಪಾಸಣೆಯಾದ ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಹೊಲದಿಂದ ಕುಡುಗೋಲು ಒಯ್ಯಲು ಮನೆಗೆ ಬಂದೆ. ಹೆಂಡತಿ ಗಿರಣಿಗೆ ಹೋಗಿದ್ದಳು. ಜಗಲಿಯ ಕಡೆಯಿಂದ ಕಟಕ್ ಎಂಬ ಸದ್ದು ಬಂತು. ಇಣುಕಿದೆ. ಮಗಳು ಬೆನ್ನು ಮಾಡಿ ಕೂತಿದ್ದಳು. ತಿರುಗಿದಾಗ ತುಟಿಯೆಲ್ಲ ಬಿಳಿ, ಎರಡೂ ಕೈಯಲ್ಲಿ ವಿಭೂತಿ ಗಟ್ಟಿ, ಅದರ ಮೂಲೆಯಲ್ಲಿ ಹಲ್ಲಿನ ಗುರುತು.

“ಯಪ್ಪಾ, ಅವ್ವಗ ಹೇಳಬ್ಯಾಡ,” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ತಡಕೊಳ್ಳಾಕ ಆಗವಲ್ದು.”

ನಾನು ಅಲ್ಲೇ ನೆಲಕ್ಕೆ ಕೂತೆ. ಯಾವಾಗಿನಿಂದ ಎಂದು ಕೇಳಿದೆ. ಅತ್ತೆಯ ಮನೆಯಲ್ಲಿ ಒಲೆಯ ಬೂದಿಯಿಂದ ಶುರುವಾಯಿತಂತೆ. ಇಲ್ಲಿ ಬಂದ ಮೇಲೆ ಜಗಲಿಯ ಕಡೆ ಮನಸ್ಸು ತಿರುಗಿತಂತೆ. ಸಿಸ್ಟರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಅವರು ಮಣ್ಣು ಸುಣ್ಣ ಎಂದರೇ ಹೊರತು ವಿಭೂತಿ ಎನ್ನಲಿಲ್ಲವಲ್ಲ ಎಂದಳು. ವಿಭೂತಿ ದೇವರದ್ದು, ಅದರಿಂದ ಕೆಟ್ಟದ್ದು ಹೇಗಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಕೊನೆಗೆ ಸ್ವಲ್ಪ ಧೈರ್ಯ ಬಂದು, “ನೀ ಆಳಂದದಿಂದ ತಂದಿದ್ದು ಅಷ್ಟು ಚಲೋ ಇಲ್ಲಪ್ಪ. ಮೊದಲಿಂದೇ ರುಚಿ ಇತ್ತು,” ಎಂದಳು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಿಲ್ಲ. ಊರೆಲ್ಲ ಹೊಗಳಿಕೊಂಡು ತಿರುಗಿದ ಭಕ್ತಿಗೆ ಬಜಾರದಿಂದ ಮೇವು ಹೊತ್ತು ತಂದವನು ನಾನೇ.

ನಗು ನಿಂತ ಮೇಲೆ ನಮ್ಮ ಹಳೆಯ ಎಮ್ಮೆ ನೆನಪಾಯಿತು. ಅದು ಈದ ಮೇಲೆ ಮೇವು ಬಿಟ್ಟು ಗೋಡೆ ನೆಕ್ಕುತ್ತಿತ್ತು, ಹಗ್ಗದ ಮೇಲೆ ಒಣಗಿಸಿದ ನನ್ನ ಧೋತರ ಜಗಿಯುತ್ತಿತ್ತು, ತಿಪ್ಪೆಯಲ್ಲಿ ಸಿಕ್ಕ ಎಲುಬನ್ನೂ ಬಿಡುತ್ತಿರಲಿಲ್ಲ. ದನದ ಡಾಕ್ಟರು ನೋಡಿ, ಇದಕ್ಕೆ ಹುಚ್ಚಲ್ಲ, ಮೈಯಲ್ಲಿ ಏನೋ ಕಡಿಮೆ ಬಿದ್ದಿದೆ ಎಂದು ಹೊಟ್ಟಿನಲ್ಲಿ ಕಲಸಿ ಹಾಕಲು ಪುಡಿ ಕೊಟ್ಟಿದ್ದರು. ಎಮ್ಮೆ ಸುಧಾರಿಸಿ ಧೋತರ ಬಿಟ್ಟಿತ್ತು. ಎಮ್ಮೆಯ ವಿಷಯದಲ್ಲಿ ತಿಳಿದ ಮಾತು ಮನುಷ್ಯರ ವಿಷಯದಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. ಕುಡುಗೋಲು ಅಲ್ಲೇ ಬಿಟ್ಟು ಆಳಂದದ ಬಸ್ಸು ಹತ್ತಿದೆ.

ಸಿಸ್ಟರ್ ಬೈಯಲಿಲ್ಲ. ಕುರ್ಚಿ ತೋರಿಸಿದರು. “ರಕ್ತ ಕಡಿಮಿ ಆದ್ರ ಕೆಲವರಿಗೆ ಹಿಂಗ ಬೂದಿ, ಮಣ್ಣಿನ ಮ್ಯಾಲೆ ಮನಸ್ಸು ಹೋಗತದ ಕಾಕಾ. ಯಾಕಂತ ಪೂರಾ ಯಾರಿಗೂ ಗೊತ್ತಿಲ್ಲ. ಮೈ ಏನೋ ಬೇಕಂತ ಕೇಳಾಕತ್ತದ, ಆದ್ರ ಬೆರಳು ತಪ್ಪು ಕಡಿ ತೋರಸಾಕತ್ತದ,” ಎಂದರು. ಬೂದಿಯಿಂದ ರಕ್ತ ಆಗುವುದಿಲ್ಲ, ಮೇಲಾಗಿ ಅದು ಗುಳಿಗೆಯ ಸತ್ವ ಮೈಗೆ ಹತ್ತದಂತೆ ಮಾಡಬಹುದು ಎಂದು ವಿವರಿಸಿದರು. ಚಹಾದ ಜೊತೆ ಗುಳಿಗೆ ಕೊಡುತ್ತಿದ್ದೆನೆಂದು ಕೇಳಿ ಹಣೆ ಒತ್ತಿಕೊಂಡರು. ಚಹಾ ಬಿಟ್ಟು ಲಿಂಬೆಹಣ್ಣಿನ ನೀರಿನ ಜೊತೆ ಕೊಡಬೇಕಂತೆ. ನುಗ್ಗೆ ಸೊಪ್ಪು, ಪುಂಡಿಪಲ್ಲೆ, ಸಜ್ಜೆ, ಕಾಳು ತಿನ್ನಿಸಿ, ಅಷ್ಟಾದರೂ ಏರದಿದ್ದರೆ ನರಕ್ಕೆ ಬಾಟಲಿ ಹಚ್ಚುತ್ತೇವೆ ಎಂದರು. ನನಗೆ ಸ್ವಲ್ಪ ಉಸಿರು ಬಂದಂತಾಗಿ, ಹಾಗಾದರೆ ನನಗೆ ಬಸ್‌ ಸ್ಟ್ಯಾಂಡಿನ ಮಿರ್ಚಿ ಭಜಿಯ ಮೇಲೆ ಮನಸ್ಸು ಹೋಗುತ್ತದಲ್ಲ, ನನ್ನ ಮೈಯಲ್ಲಿ ಏನು ಕಡಿಮೆ ಇದೆ ಎಂದು ಕೇಳಿದೆ.

“ಅದು ಮೈ ಕೇಳೋದಲ್ಲ ಕಾಕಾ. ಎಣ್ಣಿ ವಾಸನಿ ಕರಿಯೋದು. ಎಲ್ಲಾ ಬಯಕಿಗೂ ಅರ್ಥ ಹುಡುಕಬ್ಯಾಡ್ರಿ,” ಎಂದು ನಕ್ಕು ಕಳಿಸಿದರು.

ಮನೆಗೆ ಬಂದು ವಿಭೂತಿ ಗಟ್ಟಿಗಳನ್ನೆಲ್ಲ ಜಗಲಿಯಿಂದ ಎತ್ತಿದೆ. ಎಲ್ಲಿ ಬಚ್ಚಿಡಲಿ? ದೇವರ ವಸ್ತು, ಕಂಡಕಂಡಲ್ಲಿ ಇಡಲಾಗದು, ಮಠಕ್ಕೆ ಕೊಟ್ಟುಬಿಟ್ಟರೆ ಬೆಳಗ್ಗೆ ನನ್ನ ಹಣೆಗೇನು? ಹೊಸ ಗಟ್ಟಿಗಳನ್ನು ಮಠಕ್ಕೆ ಕೊಟ್ಟು, ಹಲ್ಲಿನ ಗುರುತಿದ್ದದ್ದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಹೊಲಕ್ಕೆ ಹೋದರೂ ಕಿಸೆಯಲ್ಲಿ, ಸಂತೆಗೆ ಹೋದರೂ ಕಿಸೆಯಲ್ಲಿ, ಮಲಗಿದರೆ ತಲೆದಿಂಬಿನ ಕೆಳಗೆ. ಎಡಗಡೆ ಎದೆಯ ಮೇಲೆ ಯಾವಾಗಲೂ ಬಿಳಿ ಕಲೆ. ನೆರೆಮನೆಯ ಸಾಬರ ಮುದುಕಿ, ಮುತ್ಯಾ ಆಗುವ ಮುಂಚೆಯೇ ಸ್ವಾಮಿ ಆಗಿಬಿಟ್ಟೆಯಾ ಎಂದು ಚೇಷ್ಟೆ ಮಾಡಿದಳು.

ಹೆಂಡತಿಗೆ ವಿಷಯ ತಿಳಿದಾಗ ಚೇಷ್ಟೆ ಇರಲಿಲ್ಲ. ಅವಳಿಗೆ ಮಗಳ ಬಯಕೆ ಗೊತ್ತಾಗಿ ಸಿಟ್ಟು ಬಂದದ್ದು ಮಗಳ ಮೇಲಲ್ಲ, ನನ್ನ ಮೇಲೆ.

“ಬಸುರಿ ಹೆಣ್ಣುಮಗಳ ಬಾಯಾಂದು ಕಸಕೊಂತೀರಿ? ನಾಳಿ ಕೂಸಿನ ಕಿವಿ ಸೋರಿದ್ರ ಯಾರು ಜವಾಬ್ದಾರಿ?”

ನಾನು ಹೇಳಿದೆ: “ನಿನಗ ಹೊಳಿ ಮಣ್ಣು ಗಂಟು ಕಟ್ಟಿ ತಂದೆ. ಬಯಕಿ ಪೂರಾ ತೀರಿಸಿದೆ. ಆದ್ರೂ ಇಕಿ ಸಣ್ಣಾಕಿದ್ದಾಗ ಇಕಿ ಕಿವಿ ಸೋರತಿತ್ತೋ ಇಲ್ಲೋ, ನೀನೇ ಹೇಳು.”

ಸೋರುತ್ತಿತ್ತು. ಹತ್ತಿ ಸುತ್ತಿ ಸುತ್ತಿ ಒರೆಸಿದವಳು ಅವಳೇ. ಆಮೇಲೆ ನಾನು ಕೇಳಬಾರದೆಂದಿದ್ದ ಮಾತನ್ನೂ ಕೇಳಿದೆ. “ಹಡದ ಮ್ಯಾಲ ನೀ ಏಳಲಿಲ್ಲ. ನೆನಪ ಅದ?” ಸೆರಗು ಸಿಕ್ಕಿಸಿ ಹಿತ್ತಲಿಗೆ ಹೋಗಿ ನುಗ್ಗೆಯ ಗಿಡದ ಟೊಂಗೆ ಬಗ್ಗಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ನುಗ್ಗೆ ಸೊಪ್ಪು ಬೀಳದ ಅಡಿಗೆ ಇರಲಿಲ್ಲ. ಬೇಳೆಯಲ್ಲಿ ನುಗ್ಗೆ, ರೊಟ್ಟಿಯ ಹಿಟ್ಟಿನಲ್ಲಿ ನುಗ್ಗೆ. ನನ್ನ ತಾಟಿಗೂ ಅದೇ. ನಾನು ಬಸುರಿಯಲ್ಲ ಎಂದು ಹೇಳಿ ನೋಡಿದೆ, ಪ್ರಯೋಜನವಾಗಲಿಲ್ಲ.

ಮಗಳಿಗೆ ಮಾತ್ರ ಆ ದಿನಗಳು ಸುಲಭವಾಗಿರಲಿಲ್ಲ. ನಾನು ಹತ್ತಿರ ಕೂತರೆ ಅವಳ ಕಣ್ಣು ನನ್ನ ಕಿಸೆಯ ಮೇಲೇ ಇರುತ್ತಿತ್ತು. ಒಮ್ಮೆ ನನ್ನ ಭುಜಕ್ಕೆ ಒರಗಿದವಳು ಕಿಸೆಗೆ ಮೂಗು ಹಚ್ಚಿ ಉಸಿರೆಳೆದಳು. ನಾನು ಎದ್ದು ಹೊರಗೆ ಹೋದೆ. ನನ್ನ ಕೈ ತಾನಾಗಿ ಕಿಸೆಗೆ ಹೋಗಿ ಅದನ್ನು ಕೊಟ್ಟುಬಿಡುತ್ತದೇನೋ ಎಂದು ನನಗೇ ಹೆದರಿಕೆಯಾಗಿತ್ತು.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಹೊಲದಲ್ಲೇ ಊಟ. ಹಸಿ ತೊಗರಿ, ಅವರೆ, ಕಡಲೆ ಸೊಪ್ಪು, ಹುಣಸೆ ಹಾಕಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮಗಳನ್ನು ನಿಧಾನವಾಗಿ ಬಂಡಿಯಲ್ಲಿ ಕರೆದುಕೊಂಡು ಹೋದೆವು. ಹೆಂಡತಿ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲ ಸುತ್ತುವಾಗ ಮಗಳು, ನಾನು ಕಡಲೆಯ ಸಾಲಿನಲ್ಲಿ ಕೂತೆವು. ಚಳಿಗಾಲದಲ್ಲಿ ಕಡಲೆ ಗಿಡದ ಮೇಲೆ ಹುಳಿ ಇಳಿದಿರುತ್ತದೆ, ಕೈ ಸವರಿ ನೆಕ್ಕಿದರೆ ನಾಲಿಗೆ ಜುಮ್ಮೆನ್ನುತ್ತದೆ. ನಾನು ಕುಡಿ ಚಿವುಟಿ ಕೊಟ್ಟೆ. ಅವಳು ತಿಂದಳು. ಮತ್ತೆ ಕೈ ಚಾಚಿದಳು. ಕುರಿಮರಿಯಂತೆ ತಿನ್ನುತ್ತಲೇ ಹೋದಳು.

ತಿನ್ನುವುದು ನಿಲ್ಲಿಸಿ ಕೇಳಿದಳು, “ಈ ಸಲನೂ ಹೋದ್ರ, ಯಪ್ಪಾ?”

ಏನೂ ಆಗುವುದಿಲ್ಲ ಎಂದು ಹೇಳಲು ನಾನೇನು ದೇವರೇ? ಇನ್ನೊಂದು ಕುಡಿ ಚಿವುಟಿ ಅವಳ ಕೈಗಿಟ್ಟೆ. “ಇದನ್ನ ತಿನ್ನು ನನ್ನವ್ವ,” ಎಂದೆ. ಅವಳು ತಿಂದಳು. ಭಜ್ಜಿಯನ್ನೂ ಬೇಡಿ ಬೇಡಿ ಹಾಕಿಸಿಕೊಂಡಳು.

ಆಮೇಲೆ ಆಸ್ಪತ್ರೆಯಲ್ಲಿ ಕಂದು ಬಣ್ಣದ ಔಷಧಿಯ ಬಾಟಲಿ ಹಚ್ಚಿದರು. ಅದು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತ ನಾನು ಮಂಚದ ಪಕ್ಕ ನಿಂತಿರುತ್ತಿದ್ದೆ. ಕೆಲವು ದಿನ ಕಳೆದವು, ಮತ್ತೆ ಬಾಟಲಿ, ಮತ್ತೆ ತಪಾಸಣೆ. ರಕ್ತ ಏರತೊಡಗಿತು. ಅಂಗಳ ದಾಟಿದರೆ ಏದುಸಿರು ಬರುವುದು ನಿಂತಿತು.

ಬಯಕೆ ಯಾವ ದಿನ ಹೋಯಿತೆಂದು ಅವಳಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾದದ್ದು ಹೀಗೆ. ಒಂದು ಬೆಳಗ್ಗೆ ಪೂಜೆ ಮುಗಿಸಿ ಅವಸರದಲ್ಲಿ ಹೊಲಕ್ಕೆ ಹೋದವನು ಕಿಸೆ ಮುಟ್ಟಿ ನೋಡಿಕೊಂಡೆ, ಗಟ್ಟಿ ಇಲ್ಲ. ಓಡುತ್ತ ಮನೆಗೆ ಬಂದೆ. ಗಟ್ಟಿ ಜಗಲಿಯ ಮೇಲೆ ಇಟ್ಟಲ್ಲೇ ಇತ್ತು. ಮಗಳು ಅದರ ಎದುರಿಗೇ ಕೂತು ಹಸಿ ತೊಗರಿ ಸುಲಿಯುತ್ತಿದ್ದಳು. ನನ್ನ ಏದುಸಿರು ಕಂಡು ನಕ್ಕಳು.

“ವಾಸನಿ ಬರತದಪ್ಪ. ಆದ್ರ ಮೊದಲಿನಂಗ ಕರಿಯಂಗಿಲ್ಲ,” ಎಂದಳು. ನಾನು ಗಟ್ಟಿಯನ್ನು ಅಲ್ಲೇ ಬಿಟ್ಟು, ಅವಳ ಪಕ್ಕ ಕೂತು ತೊಗರಿ ಸುಲಿದೆ. ಸುಲಿದದ್ದಕ್ಕಿಂತ ಅತ್ತದ್ದೇ ಹೆಚ್ಚು, ಅದನ್ನು ಅವಳು ನೋಡದಂತೆ ನೋಡಿಕೊಂಡೆ.

ಶಿವರಾತ್ರಿಗೆ ಇನ್ನೂ ಒಂದು ತಿಂಗಳು ಇರುವಾಗ ಹೊಟ್ಟೆನೋವು ಕಾಣಿಸಿತು. ಆಳಂದದ ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ನಾನು, ಅಫಜಲಪುರದಿಂದ ಓಡಿಬಂದ ಅಳಿಯ ನಿಂತಿದ್ದೆವು. ಬಾಗಿಲು ತೆರೆದಾಗೆಲ್ಲ ಇಬ್ಬರೂ ಒಟ್ಟಿಗೇ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದೆವು, ಒಟ್ಟಿಗೇ ಹಿಂದೆ ಬರುತ್ತಿದ್ದೆವು. ಬಿಸಿಲು ಏರಿದ ಮೇಲೆ ಸಿಸ್ಟರ್ ಬಂದು ಹೆಣ್ಣು ಕೂಸು ಎಂದರು. ನಾನು ತಾಯಿ ಹೇಗಿದ್ದಾಳೆ ಎಂದು ಕೇಳಿದೆ. “ಎದ್ದು ಕುಂತಾಳ, ಮುತ್ಯಾ,” ಎಂದರು. ಆ ಹೆಸರಿನಿಂದ ನನ್ನನ್ನು ಕರೆದದ್ದು ಅವರೇ ಮೊದಲು.

ಒಳಗೆ ಹೋದರೆ ನಿಜವಾಗಿಯೂ ಎದ್ದು ಕೂತಿದ್ದಳು. ದಣಿದಿದ್ದಳು, ಆದರೆ ಕೂತಿದ್ದಳು. ಹೆಂಡತಿ ಗೋಡೆಗೆ ಕೈಯೂರಿ ನಿಂತು ಮಗಳನ್ನೇ ನೋಡುತ್ತಿದ್ದಳು. ಕೂಸನ್ನು ನನ್ನ ಕೈಗೆ ಕೊಟ್ಟರು. ಬೆಚ್ಚಗಿತ್ತು, ತೊಗರಿಬೇಳೆಯ ಬಣ್ಣವಿತ್ತು. ಕಣ್ಣು ಮುಚ್ಚಿಕೊಂಡೇ ತಲೆ ತಿರುಗಿಸಿ, ಬಾಯಿ ತೆರೆದು ನನ್ನ ಅಂಗಿಯ ಗುಂಡಿ ಹುಡುಕಿತು. ಗುಂಡಿ ಸಿಕ್ಕಿತು. ಚೀಪಿ ನೋಡಿತು. ಮುಖ ಕಿವುಚಿತು.

“ನಿಮ್ಮ ಬಲ್ಲಿ ಏನದ ಕೊಡಾಕ? ಇತ್ತ ತರ್ರಿ,” ಎಂದು ಹೆಂಡತಿ ಕೂಸನ್ನು ಕಸಿದುಕೊಂಡು ಮಗಳ ಎದೆಗೆ ಹಚ್ಚಿದಳು. ಕೂಸು ಹುಡುಕಿದ್ದು ತಟ್ಟನೆ ಸಿಕ್ಕಿತು. ಮತ್ತೆ ಅತ್ತಿತ್ತ ತಿರುಗಲಿಲ್ಲ.

ಮಗಳು ಕೂಸಿನ ತಲೆ ಸವರುತ್ತ ನನ್ನನ್ನು ನೋಡಿದಳು.

“ಹಸಿವ್ಯಾಗ್ಯದ, ಯಪ್ಪಾ.”

“ಏನ ತಿನಬೇಕು ಅನಸ್ತದ ಹೇಳು ನನ್ನವ್ವ,” ಎಂದೆ. ಕೈ ಖಾಲಿ ಕಿಸೆಯನ್ನು ಮುಟ್ಟಿ ನೋಡಿತು.

“ಏನರೆ ತಾ. ರೊಟ್ಟಿ ತಾ. ಬಿಸಿ ಇರಲಿ.”

ನಾನು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೊರಟೆ.